ನೂರು ಚದರ ಸೆಂಟಿಮೀಟರಿನ ಬಳೆ: ಮಳೆಮಾಪಕ ಕಟ್ಟಿದ ಟಿಪ್ಪಣಿ

ಅಜ್ಜನ ಕಾಲದ ಮಳೆಮಾಪಕದ ಹಿತ್ತಾಳೆಯ ಆಲಿಕೆ ಅಟ್ಟದ ಮೇಲೆ ಸಿಕ್ಕಿತು. ಬಾಯಿಯ ಅಗಲ ಸರಿಯಾಗಿ ಐದು ಇಂಚು. ಅದರ ಜೊತೆಗಿದ್ದ ಗಾಜಿನ ಅಳತೆ ಜಾಡಿ ಒಡೆದು ಎಷ್ಟೋ ವರ್ಷವಾಗಿದೆ. ಜಾಡಿಯ ಮೇಲೆ ಇಂಚು ಮತ್ತು ಸೆಂಟಿನ ಗೀಟುಗಳಿದ್ದವು, ನೂರು ಸೆಂಟಿಗೆ ಒಂದು ಇಂಚು ಮಳೆ ಎಂದು ಅಪ್ಪ ಹೇಳುತ್ತಾರೆ. ಜಾಡಿ ಹೋದ ಮೇಲೆ ಆಲಿಕೆಯನ್ನು ಎಣ್ಣೆ ಸುರಿಯಲು ಬಳಸಿದ್ದರು ಎಂಬುದಕ್ಕೆ ಅದರೊಳಗಿನ ಜಿಡ್ಡೇ ಸಾಕ್ಷಿ.

ನಮ್ಮ ತೋಟ ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆಯ ಕಡೆಗಿದೆ. ಈ ಭಾಗದಲ್ಲಿ ಮಳೆ ಒಂದು ಗುಡ್ಡದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಮೊಬೈಲಿನಲ್ಲಿ ಬರುವ ಹೋಬಳಿಯ ಅಂಕಿಗೂ ನಮ್ಮ ಅಂಗಳಕ್ಕೂ ಸಂಬಂಧವಿಲ್ಲದ ದಿನಗಳೇ ಹೆಚ್ಚು. ಅಡಿಕೆಗೆ ಎರಡನೆಯ ಸಲ ಔಷಧಿ ಹೊಡೆಯುವ ದಿನ ಗೊತ್ತುಮಾಡಲು ನಮ್ಮ ತೋಟದ ಮಳೆಯೇ ನನಗೆ ಬೇಕಿತ್ತು. ಹೀಗೆ ಕೆಲಸ ಶುರುವಾಯಿತು. ಎರಡು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಆಗಸ್ಟ್‌ವರೆಗೆ ಎಳೆಯಿತು.

ಮೇ 3: ಕಾಗದದ ಮೇಲೆ

ಹಳೆಯ ಆಲಿಕೆಯನ್ನೇ ಬಳಸಿ, ಮಿಲಿಲೀಟರ್ ಗೀಟಿನ ಮಾಮೂಲಿ ಜಾಡಿಯಿಂದ ಅಳೆಯಬಹುದಿತ್ತು. ಲೆಕ್ಕ ಹಾಕಿದೆ. ಐದು ಇಂಚು ಎಂದರೆ 12.7 ಸೆಂ.ಮೀ., ಬಾಯಿಯ ವಿಸ್ತೀರ್ಣ 126.7 ಚದರ ಸೆಂ.ಮೀ. ಒಂದು ಮಿ.ಮೀ. ಮಳೆಗೆ 12.67 ಮಿ.ಲೀ. ನೀರು. ಅಂದರೆ ಬೆಳಿಗ್ಗೆ 347 ಮಿ.ಲೀ. ಸಿಕ್ಕರೆ ಅದನ್ನು 12.67ರಿಂದ ಭಾಗಿಸಬೇಕು. ಕೊಡೆ ಹಿಡಿದು, ಉಂಬಳ ಕೀಳುತ್ತಾ, 78 ವರ್ಷದ ಅಪ್ಪ ಈ ಭಾಗಾಕಾರ ಮಾಡುವುದು ಆಗದ ಮಾತು. ನಾನು ಊರಲ್ಲಿ ಇಲ್ಲದ ದಿನ ಅಳೆಯುವವರು ಅವರೇ.

ಹಾಗಾಗಿ ಬಾಯಿಯ ವಿಸ್ತೀರ್ಣ ಸರಿಯಾಗಿ 100 ಚದರ ಸೆಂ.ಮೀ. ಇರುವ ಹೊಸದನ್ನು ಕಟ್ಟುವುದೆಂದು ನಿಶ್ಚಯಿಸಿದೆ. ಬುದ್ಧಿವಂತಿಕೆ ನನ್ನದಲ್ಲ. ಭಾರತೀಯ ಹವಾಮಾನ ಇಲಾಖೆಯ ಮಳೆಮಾಪಕಗಳ ಬಾಯಿಯೂ 100 ಅಥವಾ 200 ಚದರ ಸೆಂ.ಮೀ. ಇರುತ್ತದೆ. ಹೀಗೆ ಮಾಡಿದರೆ ಗುಣಾಕಾರ, ಭಾಗಾಕಾರ ಏನೂ ಬೇಡ, ಬಿಂದುವನ್ನು ಒಂದು ಮನೆ ಜರುಗಿಸಿದರೆ ಸಾಕು.

ವ್ಯಾಸ ಕಂಡುಹಿಡಿಯುವುದು ಸುಲಭ. 100ನ್ನು 3.1416ರಿಂದ ಭಾಗಿಸಿದರೆ 31.83, ಅದರ ವರ್ಗಮೂಲ 5.642, ಇಮ್ಮಡಿ ಮಾಡಿದರೆ 11.284 ಸೆಂ.ಮೀ. ಅಂದರೆ 112.8 ಮಿ.ಮೀ.

ಇದರ ಕೆಳಗೆ, ಅದೇ ಹಾಳೆಯಲ್ಲಿ, ಇನ್ನೊಂದು ಸಾಲು ಬರೆದಿದ್ದೇನೆ: «1 ಮಿ.ಮೀ. = 0.01 ಸೆಂ.ಮೀ. ಆದ್ದರಿಂದ 0.01 × 100 = 1 ಘನ ಸೆಂ.ಮೀ. = 1 ಮಿ.ಲೀ.» ಒಂದು ಮಿಲಿಮೀಟರಿಗೆ ಒಂದು ಮಿಲಿಲೀಟರ್! ಬಿಂದು ಜರುಗಿಸುವುದೂ ಬೇಡವಾಯಿತು ಎಂದು ಹಿಗ್ಗಿ, ಆ ಸಾಲಿನ ಸುತ್ತ ಕೆಂಪು ಪೆನ್ನಿನಿಂದ ಚೌಕ ಹಾಕಿದೆ. ಈ ಚೌಕವನ್ನು ನೆನಪಿಡಿ.

ಮೇ 6ರಿಂದ 9: ಮೊದಲ ಬಳೆ

ಕೊಟ್ಟಿಗೆಯ ಹಿಂದೆ 110 ಮಿ.ಮೀ. ಪಿವಿಸಿ ಪೈಪಿನ ತುಂಡುಗಳು ಬಿದ್ದಿದ್ದವು, ಆದರೆ ಎಲ್ಲವೂ ಸೀಳಿದ್ದವು. ಅಂಗಡಿಯಿಂದ ಒಂದು ಅಡಿ ತುಂಡನ್ನೂ ಒಂದು ಮುಚ್ಚಳವನ್ನೂ 180 ರೂಪಾಯಿ ಕೊಟ್ಟು ತಂದೆ. 110 ಮತ್ತು 112.8 ಹತ್ತಿರ ಹತ್ತಿರ. ವಿಸ್ತೀರ್ಣ 95 ಚದರ ಸೆಂ.ಮೀ. ಬರುತ್ತದೆ, ನೂರಕ್ಕೆ ಐದು ಕಡಿಮೆ, ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಹ್ಯಾಕ್ಸಾದಿಂದ ಕೊಯ್ದು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಮುಚ್ಚಳ ಅಂಟಿಸಿ ನಿಲ್ಲಿಸಿದೆ.

ಪರೀಕ್ಷೆಗೆಂದು ಒಂದು ಲೀಟರ್ ನೀರು ಸುರಿದೆ. 10.5 ಸೆಂ.ಮೀ. ಏರಬೇಕಿತ್ತು. ಅಡಿಕೋಲು ಇಳಿಬಿಟ್ಟರೆ 11.5 ಸೆಂ.ಮೀ.! ಎರಡು ಸಲ, ಮೂರು ಸಲ ಸುರಿದರೂ ಅದೇ. ಲೀಟರ್ ಅಳತೆಯೇ ತಪ್ಪಿರಬೇಕು ಎಂದು ಹಾಲಿನ ಡೇರಿಯ ಅಳತೆ ಪಾತ್ರೆ ತಂದು ಸುರಿದೆ. ಅದೇ ಉತ್ತರ.

ಪೈಪಿನ ಮೇಲೆ ಅಚ್ಚಾಗಿರುವ 110 ಹೊರವ್ಯಾಸ. ಗೋಡೆಯ ದಪ್ಪ ಎರಡೂ ಕಡೆ ಕಳೆದರೆ ಒಳಗೆ ಉಳಿಯುವುದು 105. ನೆಂಟರ ಹುಡುಗನಿಂದ ವರ್ನಿಯರ್ ಕ್ಯಾಲಿಪರ್ ತಂದು ಅಳೆದ ಮೇಲೆ ಗೊತ್ತಾಯಿತು. ವ್ಯಾಸದಲ್ಲಿ ಐದು ಮಿ.ಮೀ. ಹೋದರೆ ಏನು ಮಹಾ ಎನ್ನಿಸುತ್ತದೆ. ವಿಸ್ತೀರ್ಣ 95ರಿಂದ 86.6ಕ್ಕೆ ಇಳಿದಿತ್ತು. ನೂರು ಎಂದು ನಂಬಿ ಅಳೆದರೆ ಪ್ರತಿದಿನದ ಮಳೆಯೂ ನೂರಕ್ಕೆ ಹದಿಮೂರು ಪಾಲು ಕಡಿಮೆ ಕಾಣುತ್ತದೆ. ನಲ್ಲಿ, ಪೈಪುಗಳ ಕೆಲಸವನ್ನು ಇಪ್ಪತ್ತು ವರ್ಷದಿಂದ ನಾನೇ ಮಾಡಿಕೊಳ್ಳುತ್ತಿದ್ದೇನೆ. ಆದರೂ ಈ 110 ಯಾವ ಕಡೆಯದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪೈಪು ಪೈಪಿಗೆ ಕೂರುತ್ತಿತ್ತು, ಅಷ್ಟೇ.

ಇನ್ನೂ ನಾಚಿಕೆಯ ಸಂಗತಿ ಬೇರೆ ಇದೆ. ಒಂದು ಲೀಟರ್ ಸುರಿದಾಗ ನೀರು 11.5 ಸೆಂ.ಮೀ., ಅಂದರೆ 115 ಮಿ.ಮೀ. ಏರಿದ್ದನ್ನು ಕಣ್ಣಾರೆ ಕಂಡಿದ್ದೆ. ಸಾವಿರ ಮಿ.ಲೀ.ಗೆ ನೂರ ಹದಿನೈದು ಮಿ.ಮೀ.! ಕೆಂಪು ಚೌಕದ ಲೆಕ್ಕ ಸುಳ್ಳು ಎಂದು ಆ ಪೈಪೇ ಹೇಳುತ್ತಿತ್ತು. ಆದರೆ ಅಂದು ನಾನು ಪೂರ್ತಿ ಸೆಂಟಿಮೀಟರಿನಲ್ಲೇ ಯೋಚಿಸುತ್ತಿದ್ದೆ, ಹತ್ತೂವರೆಯೋ ಹನ್ನೊಂದೂವರೆಯೋ ಎಂಬ ಜಗಳದಲ್ಲಿ ಮುಳುಗಿದ್ದೆ. ಮಿಲಿಮೀಟರಿನಿಂದ ಸೆಂಟಿಮೀಟರಿಗೆ ದಾಟುವ ಸಂಕದ ಮೇಲೆ ಕಾಲಿಡಲೇ ಇಲ್ಲ. ತಪ್ಪು ಇದ್ದದ್ದು ಸಂಕದ ಮೇಲೆ.

ಮೇ 14: ತಗಡಿನ ಕೆಲಸ

112.8 ಒಳವ್ಯಾಸದ ಪೈಪು ಎಲ್ಲೂ ಸಿಗುವುದಿಲ್ಲ. ತಗಡಿನ ಪಟ್ಟಿಯನ್ನು ಬಾಗಿಸಿ ಬಳೆ ಮಾಡಿಸುವುದೊಂದೇ ದಾರಿ. ಸುತ್ತಳತೆ 354.5 ಮಿ.ಮೀ. ಪೇಟೆಯ ತಗಡಿನ ಅಂಗಡಿಗೆ ಹೋಗಿ ಚೀಟಿ ಕೊಟ್ಟೆ. ಅಲ್ಲಿನ ಹಿರಿಯರು ಚೀಟಿಯನ್ನು ದೂರ ಹಿಡಿದು ನೋಡಿ, «ಇಂಚಿನಲ್ಲಿ ಹೇಳಿ» ಎಂದರು. ಅವರ ಕೈಯಲ್ಲಿದ್ದದ್ದು ಇಂಚು, ನೂಲಿನ ಟೇಪು. ಒಂದು ಇಂಚಿಗೆ ಎಂಟು ನೂಲು. ಅರ್ಧ, ಕಾಲು, ಅರೆಕಾಲು ಎಂದು ಇಳಿಯುವ ಲೋಕ ಅದು. ಅಲ್ಲಿ ಬಿಂದುವಿಗೆ ಜಾಗವಿಲ್ಲ.

ಮೊಬೈಲಿನಲ್ಲಿ ಲೆಕ್ಕ ಹಾಕಿದರೆ 13.957 ಇಂಚು. «ಹದಿನಾಲ್ಕಕ್ಕೆ ಅರ್ಧ ನೂಲಿಗಿಂತ ಕಡಿಮೆ ಕಡಿಮೆ» ಎಂದೆ. ಅವರು ನಕ್ಕರು. «ಹದಿನಾಲ್ಕೇ ಕತ್ತರಿಸುತ್ತೇನೆ. ಬಾಗಿಸುವಾಗ ತಗಡಿನ ದಪ್ಪ ಒಳಗಿನಿಂದ ಸ್ವಲ್ಪ ತಿನ್ನುತ್ತದೆ» ಎಂದರು. ನನಗೆ ನಂಬಿಕೆಯಾಗಲಿಲ್ಲ, ಆದರೂ ಸುಮ್ಮನಾದೆ. ಬೆಸುಗೆಯ ಮಡಿಕೆಗೆ ಪ್ರತ್ಯೇಕವಾಗಿ ಕಾಲು ಇಂಚು ಬಿಟ್ಟು, ನಾಲ್ಕು ಇಂಚು ಎತ್ತರದ ಬಳೆ ಮಾಡಿ, ಒಳಗೆ ಕಡಿದಾದ ಆಲಿಕೆಯನ್ನು ಬೆಸೆದುಕೊಟ್ಟರು. ಎತ್ತರದ ಗೋಡೆ ಬೇಕೇ ಬೇಕು. ಇಲ್ಲದಿದ್ದರೆ ಜೋರು ಮಳೆಯಲ್ಲಿ ಹನಿಗಳು ಸಿಡಿದು ಹೊರಗೆ ಹಾರುತ್ತವೆ. ಕೂಲಿ, ತಗಡು ಸೇರಿ 220 ರೂಪಾಯಿ.

ಮನೆಗೆ ಬಂದು ವರ್ನಿಯರ್ ಹಿಡಿದೆ. ತಗಡಿನ ದಪ್ಪ 0.4 ಮಿ.ಮೀ. ಒಳವ್ಯಾಸವನ್ನು ನಾಲ್ಕು ದಿಕ್ಕಿನಿಂದ ಅಳೆದು ಸರಾಸರಿ ತೆಗೆದರೆ 112.8. ವಿಸ್ತೀರ್ಣ 99.9 ಚದರ ಸೆಂ.ಮೀ. ನಾನು ಚೀಟಿಯಲ್ಲಿ ಬರೆದ 354.5ನ್ನೇ ಅವರು ಕತ್ತರಿಸಿದ್ದರೆ ಬಳೆ ಸ್ವಲ್ಪ ಕಿರಿದಾಗುತ್ತಿತ್ತು.

ಮೇ 19: ಜೋಡಣೆ

ಮೈಗೆ 160 ಮಿ.ಮೀ. ಪೈಪು, ಉದ್ದ 45 ಸೆಂ.ಮೀ., ಅಡಿಗೆ ಮುಚ್ಚಳ. ಈ ಸಲ ಒಳವ್ಯಾಸ ಅಳೆದೇ ಕೊಂಡೆ: 152. ತುಂಡು ಪೈಪು, ಮುಚ್ಚಳಕ್ಕೆ 150 ರೂಪಾಯಿ. ಮುಚ್ಚಳದಲ್ಲಿ ನಾಲ್ಕು ತೂತು ಕೊರೆದೆ, ಒಳಗೆ ನೀರು ನಿಂತು ಸೊಳ್ಳೆಯಾಗಬಾರದೆಂದು. ಒಳಗೆ ಒಂದು ಲೀಟರಿನ ನೀರಿನ ಬಾಟಲಿ. ಕೆಂಪು ಚೌಕದ ಪ್ರಕಾರ ಒಂದು ಲೀಟರ್ ಎಂದರೆ 1,000 ಮಿ.ಮೀ. ಮಳೆ. ಆಗುಂಬೆಯ ಮಗ್ಗುಲಲ್ಲಿದ್ದರೂ ಒಂದೇ ದಿನಕ್ಕೆ ಅಷ್ಟು ಬೀಳುವುದಿಲ್ಲ, ಧಾರಾಳವಾಯಿತು ಎಂದುಕೊಂಡೆ. ಬಾಟಲಿಯ ಬಾಯಿಗೆ ಆಲಿಕೆಯ ಕೊಳವೆ ಇಳಿಯುತ್ತದೆ, ಮೇಲೆ ಬಳೆ ಕೂರುತ್ತದೆ.

ಜಾಗ ಹುಡುಕುವುದೇ ದೊಡ್ಡ ಕೆಲಸವಾಯಿತು. ಹತ್ತಿರದ ಮರ ಎಷ್ಟು ಎತ್ತರವಿದೆಯೋ ಕಡಿಮೆಯೆಂದರೆ ಅದರ ಎರಡರಷ್ಟು ದೂರ ಬೇಕು. ಅಡಿಕೆ ಮರಗಳ ನಡುವೆ ಅದೆಲ್ಲಿಂದ ಬರಬೇಕು? ಕೊನೆಗೆ ಮನೆಯ ಮೇಲಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಜಾಗ ಸಿಕ್ಕಿತು. ಹಳೆಯ 200 ಮಿ.ಮೀ. ಪೈಪಿನ ತುಂಡನ್ನು ನೆಲದಲ್ಲಿ ಹೂತು ಅದರೊಳಗೆ ಮಾಪಕವನ್ನು ಇಳಿಸಿದೆ. ಅಂಚು ನೆಲದಿಂದ 30 ಸೆಂ.ಮೀ. ಮೇಲೆ, ರಸಮಟ್ಟದಲ್ಲಿ ನೋಡಿ ಸಮ ಮಾಡಿದ್ದು. ದಿನವೂ ಬೆಳಿಗ್ಗೆ 8.30ಕ್ಕೆ ಅಳತೆ, ಹವಾಮಾನ ಇಲಾಖೆಯ ಹೊತ್ತಿಗೇ.

ಮೇ 27: 184

ರೋಹಿಣಿ ಮಳೆ ಹುಟ್ಟಿ ಎರಡು ದಿನ. ರಾತ್ರಿ ಗುಡುಗಿನೊಂದಿಗೆ ಸುರಿಯಿತು. ಬೆಳಿಗ್ಗೆ ಬಾಟಲಿ ತೆಗೆದು 100 ಮಿ.ಲೀ. ಜಾಡಿಯಲ್ಲಿ ಅಳೆದರೆ ಒಂದು ತುಂಬು ಜಾಡಿ, ಮತ್ತೆ 84. ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ: 184 ಮಿ.ಮೀ. ಊರಿನ ವಾಟ್ಸ್ಯಾಪ್ ಗುಂಪಿಗೂ ಹಾಕಿದೆ. ಅಷ್ಟಕ್ಕೇ ನಿಲ್ಲಿಸದೆ ಚಹಾದ ಅಂಗಡಿಯಲ್ಲಿ ಬಾಯಿಬಿಟ್ಟೂ ಹೇಳಿದೆ.

«ನೂರ ಎಂಬತ್ತನಾಲ್ಕೇ? ಏಳು ಇಂಚಿನ ಮೇಲಾಯಿತಲ್ಲ. ಹಾಗಾದರೆ ಹಳ್ಳದ ನೀರು ಇನ್ನೂ ಮೊಣಕಾಲಿಗೆ ಬಂದಿಲ್ಲವೇಕೆ?» ಎಂದರು ಒಬ್ಬರು. ಪಕ್ಕದೂರಿನ ಮಾಪಕದಲ್ಲಿ 17 ಎಂದು ಇನ್ನೊಬ್ಬರು. ಮಳೆ ಗುಡ್ಡದಿಂದ ಗುಡ್ಡಕ್ಕೆ ಬದಲಾಗುತ್ತದೆ ಎಂಬ ನನ್ನ ಹಳೆಯ ವಾದವನ್ನು ಎತ್ತಿಕೊಂಡೆ. ಯಾರೂ ಕಿವಿಗೊಡಲಿಲ್ಲ.

ಮೇ 28: ಸ್ಟೀಲ್ ಡಬ್ಬಿ

ಅಮ್ಮ ಒಣಗಲೆಂದು ಅಂಗಳದ ಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿಯನ್ನು ಬಾಯಿ ಮೇಲಾಗಿ ಇಟ್ಟು ಮರೆತಿದ್ದರು. ಆ ರಾತ್ರಿಯ ಮಳೆಯ ನೀರು ಅದರಲ್ಲಿ ಹಾಗೇ ಇತ್ತು. ಅಪ್ಪ ಅದರೊಳಗೆ ಅಡಿಕೋಲು ಇಳಿಸಿ, «ಹದಿನೆಂಟು ಮಿಲಿಮೀಟರ್. ನಿನ್ನ ನೂರ ಎಂಬತ್ತನಾಲ್ಕು ಈ ಡಬ್ಬಿಯಲ್ಲಿ ಹಿಡಿಯುವುದೂ ಇಲ್ಲ» ಎಂದರು. ನೇರ ಗೋಡೆಯ ಡಬ್ಬಿ ಎಷ್ಟೇ ಅಗಲವಿರಲಿ, ನಿಂತ ನೀರಿನ ಆಳವೇ ಮಳೆ. ಇದಕ್ಕಿಂತ ಸರಳವಾದ ಸಾಕ್ಷಿ ಇಲ್ಲ.

ಮೇ 3ರ ಹಾಳೆ ತೆಗೆದೆ. ಕೆಂಪು ಚೌಕದೊಳಗೆ 0.01 ಕೂತಿತ್ತು. ಸೆಂಟಿಮೀಟರಿನಿಂದ ಮೀಟರಿಗೆ ಹೋಗುವಾಗಿನ ಅಂಕಿ ಅದು. ಮಿಲಿಮೀಟರಿನಿಂದ ಸೆಂಟಿಮೀಟರಿಗೆ ಒಂದೇ ಮನೆ: 0.1. ಹಾಗಾಗಿ 0.1 × 100 = 10 ಘನ ಸೆಂ.ಮೀ. = 10 ಮಿ.ಲೀ. ನನ್ನ 184, ವಾಸ್ತವದಲ್ಲಿ 18.4.

ಶಾಲೆಯಲ್ಲಿ ಕೋಷ್ಟಕ ಬಾಯಿಪಾಠ ಮಾಡಿದವನೇ ನಾನು. ಇಂಥ ತಪ್ಪು ಹೇಗಾಯಿತು ಎಂದು ಯೋಚಿಸಿದೆ. ಉತ್ತರ ಚಂದವಾಗಿ ಬಂದದ್ದರಿಂದಲೇ ಆಯಿತು. ಒಂದಕ್ಕೆ ಒಂದು! 1ರ ಬದಲು 3.7 ಎಂದು ಬಂದಿದ್ದರೆ ಮತ್ತೊಮ್ಮೆ ಲೆಕ್ಕ ಹಾಕುತ್ತಿದ್ದೆ. ವಾಟ್ಸ್ಯಾಪ್ ಗುಂಪಿನಲ್ಲಿ ತಿದ್ದುಪಡಿ ಹಾಕಿದೆ. ಇಂದಿಗೂ ಚಹಾದ ಅಂಗಡಿಯಲ್ಲಿ ನಾನು ಯಾವ ಅಂಕಿ ಹೇಳಿದರೂ «ಬಿಂದು ಎಲ್ಲಿದೆ?» ಎಂದು ಕೇಳುವವರಿದ್ದಾರೆ.

ಮೇ 30: ಸಿರಿಂಜಿನ ಪರೀಕ್ಷೆ

ಈ ಸಲ ಕಾಗದವನ್ನು ನಂಬಲಿಲ್ಲ. ಔಷಧಿ ಅಂಗಡಿಯಿಂದ 10 ಮಿ.ಲೀ. ಸಿರಿಂಜು ತಂದೆ, 12 ರೂಪಾಯಿ. ಮೊದಲು ಅಳತೆ ಜಾಡಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು 100ರ ಗೀಟಿನವರೆಗೆ ನೀರು ತುಂಬಿದೆ: 99 ಗ್ರಾಂ. ನೀರು ಒಂದು ಮಿ.ಲೀ.ಗೆ ಒಂದು ಗ್ರಾಂ ತೂಗುವುದರಿಂದ ಜಾಡಿ ಸರಿಯಿದೆ. ಆಮೇಲೆ ಸಿರಿಂಜಿನಿಂದ ಬಳೆಯೊಳಗೆ 10, ಮತ್ತೆ 10, ಹೀಗೆ ಹತ್ತು ಸಲ ಹಾಕಿ ಬಾಟಲಿಯಲ್ಲಿ ಬಂದದ್ದನ್ನು ಅಳೆದೆ. 98 ಮಿ.ಲೀ. ಉಳಿದ ಎರಡು ಮಿ.ಲೀ. ಆಲಿಕೆಯ ಮೈಗೆ ಅಂಟಿಕೊಂಡಿತ್ತು. ಎರಡು ಮಿ.ಲೀ. ಎಂದರೆ 0.2 ಮಿ.ಮೀ. ಮಳೆ. ಚಿಂತೆಯಿಲ್ಲ.

ಹೊಸ ಚೀಟಿ ಬರೆದು, ಪ್ಲಾಸ್ಟಿಕ್ ಸುತ್ತಿ, ಪೈಪಿಗೆ ಅಂಟಿಸಿದೆ:

1 ಮಿ.ಲೀ. ನೀರು, 0.1 ಮಿ.ಮೀ. ಮಳೆ
10 ಮಿ.ಲೀ., 1 ಮಿ.ಮೀ.
100 ಮಿ.ಲೀ., 1 ಸೆಂ.ಮೀ.
1 ಲೀಟರ್, 10 ಸೆಂ.ಮೀ.
10 ಲೀಟರ್, 1 ಮೀಟರ್

ಕೊನೆಯ ಸಾಲು ಮಾಪಕಕ್ಕೆ ಬೇಕಾದ್ದಲ್ಲ, ನನ್ನ ಚಪಲಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ. ಮೀರಿ ಬೀಳುತ್ತದೆ. ಏಳು ಮೀಟರ್! ಈ ಅಂಗೈಯಗಲದ ಬಳೆಯ ಮೂಲಕವೇ ಅಲ್ಲಿ ಒಂದು ವರ್ಷಕ್ಕೆ ಎಪ್ಪತ್ತು ಲೀಟರ್ ಇಳಿಯುತ್ತದೆ. ಹವಾಮಾನ ಇಲಾಖೆ «ಮಳೆಯ ದಿನ» ಎಂದು ಎಣಿಸಲು 2.5 ಮಿ.ಮೀ. ಬೇಕು. ಬಳೆಯ ಲೆಕ್ಕದಲ್ಲಿ ಅದು 25 ಮಿ.ಲೀ., ಸಣ್ಣ ಲೋಟದ ತಳದ ಚಹಾ. 204.5 ಮಿ.ಮೀ. ಮುಟ್ಟಿದರೆ ಅತ್ಯಂತ ಭಾರಿ ಮಳೆ. ಅದು ಎರಡು ಲೀಟರಿನ ಮೇಲೆ 45 ಮಿ.ಲೀ.

ಗುಂಟೆಗೆ ಎಷ್ಟು ನೀರು ಬಿತ್ತು ಎಂದು ತಿಳಿಯಲು ಹೋಗಿ ಮತ್ತೆ ಎಡವಿದೆ. ನೂರು ಸೆಂಟಿಮೀಟರಿಗೆ ಒಂದು ಮೀಟರ್, ಆದ್ದರಿಂದ ನೂರು ಚದರ ಸೆಂಟಿಮೀಟರಿಗೆ ಒಂದು ಚದರ ಮೀಟರ್ ಎಂದು ಬರೆದೇಬಿಟ್ಟಿದ್ದೆ. ಎಂಟನೆಯ ತರಗತಿಯ ಮಗಳು ಏನೂ ಹೇಳಲಿಲ್ಲ. ಹತ್ತು ಸೆಂ.ಮೀ. ಬದಿಯ ಕಾಗದದ ಚೌಕ ಕತ್ತರಿಸಿ ತಂದಳು. ನನ್ನ ಬಳೆಯಷ್ಟೇ ವಿಸ್ತೀರ್ಣದ ಚೌಕ. ಜಗಲಿಯ ಮೇಲೆ ಒಂದು ಮೀಟರ್ ಉದ್ದಕ್ಕೆ ಅದನ್ನು ಹತ್ತು ಸಲ ಇಟ್ಟು ತೋರಿಸಿ, «ಅಗಲಕ್ಕೂ ಹತ್ತು» ಎಂದು ಹೊರಟುಹೋದಳು. ಚದರ ಮೀಟರಿಗೆ ನೂರು ಬಳೆ, ಹತ್ತು ಸಾವಿರ ಚದರ ಸೆಂಟಿಮೀಟರ್. ಗುಂಟೆ ಎಂದರೆ 101 ಚದರ ಮೀಟರ್ ಚಿಲ್ಲರೆ, ಹೆಚ್ಚುಕಡಿಮೆ ಹತ್ತು ಸಾವಿರ ಬಳೆ. ಒಂದು ಮಿ.ಮೀ. ಮಳೆಗೆ ಬಳೆಯಲ್ಲಿ 10 ಮಿ.ಲೀ., ಗುಂಟೆಯಲ್ಲಿ 100 ಲೀಟರ್. ಗುಂಟೆಯಂಥ ಹಳೆಯ ಅಳತೆ ಮೆಟ್ರಿಕ್ ಪದ್ಧತಿಗೆ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವುದು ಬರಿಯ ಅದೃಷ್ಟ. ಎಕರೆಗೆ ಹೋದರೆ ಆ ಅದೃಷ್ಟವಿಲ್ಲ, 4,047 ಲೀಟರ್ ಎಂದು ಬರೆದುಕೊಳ್ಳಬೇಕು.

ಜೂನ್ 20: ತುಂಬಿ ಹರಿದ ಬಾಟಲಿ

ಮೃಗಶಿರಾ ಮಳೆಯ ಕೊನೆಯ ದಿನಗಳು. ರಾತ್ರಿಯಿಡೀ ಹೆಂಚಿನ ಮೇಲೆ ಒಂದೇ ಸದ್ದು. ಬೆಳಿಗ್ಗೆ ಹೋಗಿ ಬಳೆ ಎತ್ತಿದರೆ ಬಾಟಲಿ ಕತ್ತಿನವರೆಗೂ ತುಂಬಿ ನಿಂತಿದೆ. ಒಂದು ಲೀಟರ್ ಬಾಟಲಿ, ಅಂದರೆ 100 ಮಿ.ಮೀ. ಅದಕ್ಕಿಂತ ಮೇಲೆ ಬಿದ್ದದ್ದು ಬಾಟಲಿಯಿಂದ ಹರಿದು, ನಾನೇ ಕೊರೆದ ನಾಲ್ಕು ತೂತುಗಳಿಂದ ನೆಲಕ್ಕೆ ಇಂಗಿದೆ.

ಮೇ ತಿಂಗಳ ಕೊನೆಗೆ ಲೆಕ್ಕ ತಿದ್ದಿದೆ, ಚೀಟಿ ತಿದ್ದಿದೆ, ಗುಂಪಿನಲ್ಲಿ ಕ್ಷಮೆ ಕೇಳಿದೆ. ಅದೇ ತಪ್ಪು ಲೆಕ್ಕದಿಂದ ಆರಿಸಿದ ಬಾಟಲಿಯನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಒಂದು ಸೊನ್ನೆ ಕಾಗದದ ಮೇಲೆ ತಪ್ಪಿದರೆ ಅಳಿಸಬಹುದು. ಅದು ಆಗಲೇ ವಸ್ತುವಿನ ರೂಪ ತಾಳಿ ಮಾಪಕದೊಳಗೆ ಕೂತಿತ್ತು. ಅದುವರೆಗಿನ ಅತಿ ದೊಡ್ಡ ಮಳೆ ಪುಸ್ತಕದಲ್ಲಿ «100ಕ್ಕಿಂತ ಹೆಚ್ಚು, ಎಷ್ಟೋ ತಿಳಿಯದು» ಎಂದು ಉಳಿದುಕೊಂಡಿದೆ.

ಅಂದೇ ದುರಸ್ತಿ. ತೂತುಗಳನ್ನು ಎಂ-ಸೀಲ್‌ನಿಂದ ಮುಚ್ಚಿದೆ, 40 ರೂಪಾಯಿ. ಮೊದಲ ಸಲ ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಹಚ್ಚಿದ್ದರಿಂದ ಕಿತ್ತುಬಂತು. ಒಲೆಯ ಪಕ್ಕ ಎರಡು ಗಂಟೆ ಒಣಗಿಸಿ, ಮರಳು ಕಾಗದದಿಂದ ಒರಟು ಮಾಡಿ, ಮತ್ತೆ ಹಚ್ಚಿದ ಮೇಲೆ ನಿಂತಿತು. ಬಾಟಲಿಯನ್ನು ಎರಡು ಲೀಟರಿನದಕ್ಕೆ ಬದಲಿಸಿದೆ. ಈಗ ಬಾಟಲಿ ತುಂಬಿ ಹರಿದರೂ ಪೈಪಿನ ಮೈಯಲ್ಲೇ ನಿಲ್ಲುತ್ತದೆ. ಪೈಪಿನ ಅಡ್ಡಗಲ 181 ಚದರ ಸೆಂ.ಮೀ., ಎತ್ತರ 45, ಒಟ್ಟು ಎಂಟು ಲೀಟರ್. ಆಲಿಕೆ ತಿನ್ನುವ ಜಾಗ ಕಳೆದರೂ ಏಳಕ್ಕೆ ಮೋಸವಿಲ್ಲ. ಏಳು ಲೀಟರ್ ಎಂದರೆ 700 ಮಿ.ಮೀ. ಬೆರಳು ಮಡಿಚಿ ಎರಡು ಸಲ ಎಣಿಸಿದೆ. ಸೊಳ್ಳೆಯ ಪ್ರಶ್ನೆಗೆ ಉತ್ತರ: ದಿನವೂ ಖಾಲಿ ಮಾಡುವ ಪಾತ್ರೆಯಲ್ಲಿ ಸೊಳ್ಳೆ ಬೆಳೆಯುವುದಿಲ್ಲ. ತೂತು ಮೊದಲೇ ಬೇಕಿರಲಿಲ್ಲ.

ಜೂನ್ 27: 1.34

ಜೋರು ಮಳೆಯ ದಿನ ನೂರರ ಜಾಡಿಯಲ್ಲಿ ಹದಿಮೂರು ಸಲ ಅಳೆದು ಸುರಿಯುವಾಗ ಎಷ್ಟನೆಯದು ಎಂಬುದೇ ಮರೆತುಹೋಗುತ್ತದೆ. ಹಾಗಾಗಿ ತೂಗಲು ಶುರುಮಾಡಿದೆವು. ಖಾಲಿ ಬಾಟಲಿಯ ತೂಕ ಸೊನ್ನೆ ಮಾಡಿ, ತುಂಬಿದ್ದನ್ನು ಇಟ್ಟರೆ ಗ್ರಾಂ ಎಷ್ಟೋ ಮಿ.ಲೀ. ಅಷ್ಟು.

ನಾನು ಶಿವಮೊಗ್ಗಕ್ಕೆ ಹೋಗಿದ್ದ ದಿನ ಅಪ್ಪ ಪುಸ್ತಕದಲ್ಲಿ 1.34 ಎಂದು ಬರೆದಿದ್ದರು. ಸಂಜೆ ಬಂದು ಅದನ್ನು ಮಿ.ಲೀ. ಎಂದು ಓದಿ, ಬಿಂದು ಜರುಗಿಸಿ, 0.1 ಮಿ.ಮೀ. ಎಂದು ಸೇರಿಸಿದೆ. ತುಂತುರು ಬಂದಿರಬೇಕು. ಆದರೆ ಅಂಗಳದಲ್ಲಿ ಕಾಲಿಡಲಾಗದಷ್ಟು ಕೆಸರು! ನಮ್ಮ ತಕ್ಕಡಿ ಸಾವಿರ ಗ್ರಾಂ ದಾಟಿದೊಡನೆ ತಾನಾಗಿಯೇ ಕಿಲೋಗ್ರಾಂಗೆ ಹಾರಿ 1.340 ಎಂದು ತೋರಿಸುತ್ತದೆ. ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅಪ್ಪ ಬಿಟ್ಟಿದ್ದರು, ಅದು ತಪ್ಪಲ್ಲ. 1,340 ಗ್ರಾಂ, 134 ಮಿ.ಮೀ. ಸಾವಿರ ಪಟ್ಟಿನ ವ್ಯತ್ಯಾಸ.

ಅಂದಿನಿಂದ ಪುಸ್ತಕದಲ್ಲಿ ಒಂದೇ ನಿಯಮ. ಅಳೆದವರು ಗ್ರಾಂ ಅಥವಾ ಮಿ.ಲೀ. ಅನ್ನು ಬಿಂದುವಿಲ್ಲದ ಪೂರ್ಣ ಸಂಖ್ಯೆಯಲ್ಲಿ ಬರೆಯಬೇಕು, ಬಿಂದು ಹಾಕುವ ಅಧಿಕಾರ ಪಕ್ಕದ ಮಿ.ಮೀ. ಕಾಲಮಿಗೆ ಮಾತ್ರ. ಅಡಿಕೆಗೆ ಹೊಡೆಯುವ ಔಷಧಿ ಬೋರ್ಡೊ ದ್ರಾವಣ ಮಾಡುವಾಗ ನಮ್ಮಲ್ಲಿ ಯಾರೂ ಇಂಥ ತಪ್ಪು ಮಾಡಿದ್ದನ್ನು ನೋಡಿಲ್ಲ. ಶೇಕಡಾ ಒಂದು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಂಕಿಯ ಬಾಲಕ್ಕೆ ಅಳತೆ ಕಟ್ಟಿಯೇ ಮಾತು ಹೊರಡುತ್ತದೆ.

ಜುಲೈ: ಅಜ್ಜನ ಪುಸ್ತಕ

ಆರಿದ್ರಾ, ಪುನರ್ವಸು ಮಳೆಗಳಲ್ಲಿ ಹೊರಗಿನ ಕೆಲಸವಿಲ್ಲ. ಅಜ್ಜನ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ ಮಿ.ಮೀ.ಗೆ ಬದಲಿಸುವುದೆಂದುಕೊಂಡೆ. ಅಜ್ಜ ಇಂಚು, ಸೆಂಟನ್ನು ಅಡ್ಡಗೆರೆ ಹಾಕಿ ಬರೆಯುತ್ತಿದ್ದರು. 3-47 ಎಂದರೆ 3.47 ಇಂಚು, 25.4ರಿಂದ ಗುಣಿಸಿದರೆ 88.1 ಮಿ.ಮೀ. ಸರಾಗವಾಗಿ ಸಾಗಿತು. ಹದಿನಾಲ್ಕು ತಿಂಗಳು ಏರಿಸಿದ ಮೇಲೆ 1971ರ ಜುಲೈ ತಿಂಗಳ ಒಟ್ಟು ನೋಡಿದೆ. ನನ್ನದು 68.83 ಇಂಚು. ಅಜ್ಜ ತಿಂಗಳ ಕೊನೆಗೆ ಬರೆದದ್ದು 66-40.

ಅಜ್ಜನ ಕೂಡಿಕೆ ತಪ್ಪಿರಬೇಕು ಎಂಬುದು ನನ್ನ ಮೊದಲ ತೀರ್ಮಾನ. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದ ನೆರೆಮನೆಯವರು ಎಲೆಯಡಿಕೆ ಹಾಕಿಕೊಳ್ಳುತ್ತಾ ಕೇಳಿದರು: «ವ್ಯತ್ಯಾಸ ಎಷ್ಟು?» 2.43. «243 ಒಂಬತ್ತರಿಂದ ಹೋಗುತ್ತದೆಯೇ?» ಹೋಗುತ್ತದೆ, 27. «ಹಾಗಾದರೆ ಅಂಕಿಯ ಮನೆ ತಪ್ಪಿದೆ. ನಿಮ್ಮ ಕಡೆ ಹುಡುಕಿ, ಅಜ್ಜನ ಕಡೆ ಅಲ್ಲ.»

ಹುಡುಕಿದೆ. ನಾಲ್ಕು ದಿನಗಳ ಅಂಕಿ 3-7, 2-8, 1-9, 0-3. ನಾನು ಅವನ್ನು 3.7, 2.8, 1.9, 0.3 ಎಂದು ಏರಿಸಿದ್ದೆ. 3-7 ಎಂದರೆ ಮೂರು ಇಂಚು ಏಳು ಸೆಂಟು, 3.07. ಏಳು, ಎಂಟು, ಒಂಬತ್ತು, ಮೂರು ಕೂಡಿದರೆ 27. ಲೆಕ್ಕ ಪೈಸೆಗೆ ಪೈಸೆ ತಾಳೆಯಾಯಿತು. ಮೂರು ರೂಪಾಯಿ ಏಳು ಪೈಸೆಯನ್ನು ಮೂರು ರೂಪಾಯಿ ಎಪ್ಪತ್ತು ಪೈಸೆ ಎಂದು ಯಾರಾದರೂ ಓದುತ್ತಾರೆಯೇ? ಇಂಚಿನಲ್ಲಿ ನಾನು ಓದಿದ್ದೆ. ಅಜ್ಜನದೂ ರೂಪಾಯಿ ಬರೆಯುವ ಕೈಯೇ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ರೂಪಾಯಿ, ಆಣೆ, ಪೈಗಳನ್ನು ಹೀಗೆಯೇ ಗೆರೆ ಹಾಕಿ ಬರೆಯುತ್ತಿದ್ದರು. ಅಡ್ಡಗೆರೆ ಬಿಂದುವಲ್ಲ ಎಂಬುದು ಅವರಿಗೆ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಹದಿನಾಲ್ಕೂ ತಿಂಗಳನ್ನು ಮತ್ತೆ ಏರಿಸಿದೆ. ಈಗ ಇಂಚಿಗೆ ಒಂದು ಕಾಲಮು, ಸೆಂಟಿಗೆ ಇನ್ನೊಂದು. ಸೆಂಟನ್ನು ನೂರರಿಂದ ಭಾಗಿಸಿ ಕೂಡುವ ಕೆಲಸ ಕಂಪ್ಯೂಟರಿನದು. ಆ ಜುಲೈ 1,686.6 ಮಿ.ಮೀ.

ಖರ್ಚು

ತಗಡಿನ ಬಳೆ 220, ದೊಡ್ಡ ಪೈಪು ಮತ್ತು ಮುಚ್ಚಳ 150, ಅಳತೆ ಜಾಡಿ 160, ಸಿರಿಂಜು 12, ಎಂ-ಸೀಲ್ 40. ಒಟ್ಟು 582 ರೂಪಾಯಿ. ಮೊದಲ ಬಳೆಗೆ ದಂಡವಾದ 180 ಸೇರಿಸಿದರೆ 762. ವರ್ನಿಯರ್ ಎರವಲು, ಇನ್ನೂ ಹಿಂತಿರುಗಿಸಿಲ್ಲ.

ಆಗಸ್ಟ್ 11: ಕರು

ಬ್ಯಾಣಕ್ಕೆ ನುಗ್ಗಿದ ಎಮ್ಮೆಕರು ಮಾಪಕಕ್ಕೆ ಗುಮ್ಮಿದೆ. ಪೈಪು ಗಟ್ಟಿಯಾಗಿದೆ, ಬಳೆ ಮಾತ್ರ ಮೊಟ್ಟೆಯಾಕಾರಕ್ಕೆ ಬಂದಿದೆ. ಒಂದು ಕಡೆ 116 ಮಿ.ಮೀ., ಅಡ್ಡಕ್ಕೆ 109.5. ಸುತ್ತಿಗೆ ಮತ್ತು ಮರದ ಕೊರಡು ಹಿಡಿದು ಹೊರಟವನು ಮೊದಲು ಲೆಕ್ಕ ಹಾಕಿದೆ: 11.6 × 10.95 × 0.7854. ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಂಡು, ಮಗಳಿಂದ ಒಮ್ಮೆ ಓದಿಸಿ. ಬಂದದ್ದು 99.8 ಚದರ ಸೆಂ.ಮೀ. ಸುತ್ತಿಗೆಯನ್ನು ಒಳಗಿಟ್ಟು, ಬೇಲಿಗೆ ಗೂಟ ಹುಡುಕಲು ಹೋದೆ.